ಒಣಗಿದ ಹನ್ನೆರಡು ಬಾಟಲಿಗಳು

"ಸತ್ತೋಗಿವೆ ಅಂತ ಯಾರು ಹೇಳಿದ್ದು ನಿನಗೆ?"

ಹೀಗೆ ಕೇಳಿದ, ಪ್ರಯೋಗಾಲಯದ ಗಾಜುಸಾಮಾನು ತೊಳೆಯುವ ಗಾಜಿನಜ್ಜಿ ಕೈಯಲ್ಲಿದ್ದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು. ಎಲ್ಲೋ ಕಲೆ ಕಂಡಿರಬೇಕು. ಬ್ರಷ್ಷನ್ನು ಮತ್ತೆ ಒಳಗೆ ತುರುಕಿ ತಿರುವತೊಡಗಿದಳು.

ಸೀಟಿಯಕ್ಕನಿಗೆ ಮೈ ಉರಿಯಿತು. ವಿಚಾರಣೆಗೆ ಇನ್ನು ಇಪ್ಪತ್ತೇ ನಿಮಿಷ. ಪ್ರಯೋಗಾಲಯದಲ್ಲಿ ಬೆಳೆಸಿದ್ದ ಹನ್ನೆರಡು ಬಾಟಲಿ ಕಲ್ಲುಹೂವನ್ನು ಬೇಕೆಂದೇ ಒಣಗಿಸಿ ಕೊಂದಳು ಎಂಬ ಆರೋಪ ಹೊತ್ತು ಅವಳ ಒಡಹುಟ್ಟಿದ ತಂಗಿ ಮೇಲಿನ ಮಹಡಿಯ ಬೆಂಚಿನ ಮೇಲೆ ಕೂತಿದ್ದಾಳೆ. ಇಲ್ಲಿ ಈ ಮುದುಕಿ ಬಾಟಲಿ ತಿಕ್ಕುತ್ತಾ ಒಗಟು ಹೇಳುತ್ತಿದ್ದಾಳೆ.

"ಯಾರು ಹೇಳೋದೇನು ಅಜ್ಜಿ? ನಿರ್ದೇಶಕರೇ ಬರೆದು ಕೊಟ್ಟಿದ್ದಾರೆ. ನಾನೂ ಗಾಜಿನ ಬಾಗಿಲಾಚೆಯಿಂದ ನೋಡಿದೆ. ಬೂದಿ ಬಣ್ಣ. ಊದಿದ್ರೆ ಹಾರಿ ಹೋಗೋ ಹಾಗಿವೆ. ಹನ್ನೊಂದು ವರ್ಷ ಸಾಕಿದ್ದು!"

"ನಿರ್ದೇಶಕರು!" ಅಜ್ಜಿ ಮೂಗಿನಲ್ಲೇ ನಕ್ಕಳು. "ಅವರು ಆ ಕೋಣೆಗೆ ಬರೋದು ಫೋಟೋ ತೆಗೆಸ್ಕೊಳ್ಳೋಕೆ. ಬರೋ ಮುಂಚೆ ನಿನ್ನ ತಂಗಿ ಎಲ್ಲದಕ್ಕೂ ನೀರು ಚಿಮುಕಿಸಿ ಹಸಿರು ಮಾಡಿಟ್ಟಿರ್ತಾಳೆ. ಮದುವೆ ದಿನ ಮಾತ್ರ ಹುಡುಗಿ ಮುಖ ನೋಡ್ದೋನಿಗೆ, ಬೆಳಗ್ಗೆ ಎದ್ದ ಮುಖ ಹೇಗಿರತ್ತೆ ಅಂತ ಗೊತ್ತಾಗೋದು ಹೇಗೆ?"

ಸೀಟಿಯಕ್ಕ ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಇಪ್ಪತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿದವಳು ಅವಳು. ಅದರಲ್ಲಿ ಹದಿನಾಲ್ಕು ವರ್ಷ ನಾಲ್ಕು ರಸ್ತೆ ಕೂಡುವಲ್ಲಿ ನಿಂತು ಸೀಟಿ ಊದಿದ್ದು. ಹೆಸರು ಹಾಗೇ ಅಂಟಿಕೊಂಡಿತು. ಒಮ್ಮೆ ಕೆಂಪು ದೀಪ ಹಾರಿಸಿ ಬಂದ ದೊಡ್ಡವರೊಬ್ಬರ ಕಾರು ನಿಲ್ಲಿಸಿದ್ದಕ್ಕೆ ಕ್ಷಮೆ ಕೇಳು ಎಂದರು. ಅವಳು ಸೊಂಟದ ಬೆಲ್ಟು ಬಿಚ್ಚಿ ಮೇಲಧಿಕಾರಿಯ ಮೇಜಿನ ಮೇಲೆ ಎಸೆದು ಮನೆಗೆ ಬಂದಳು. ಅಂದಿನಿಂದ ಜನ ಮುಚ್ಚಿಟ್ಟದ್ದನ್ನು ಹುಡುಕಿ ತೆಗೆಯುವುದೇ ಅವಳ ಉದ್ಯೋಗ.

"ಬಿಡಿಸಿ ಹೇಳು ಅಜ್ಜಿ. ನಾನು ಹಳ್ಳಿ ಶಾಲೆಯಲ್ಲಿ ಓದಿದೋಳು. ಪಾಚಿ ಅಂದ್ರೆ ಕಾಲು ಜಾರತ್ತೆ ಅಂತಷ್ಟೇ ಗೊತ್ತು."

"ಕಲ್ಲುಹೂವು ಒಂದು ಜೀವ ಅಲ್ಲಮ್ಮ, ಎರಡು. ಒಂದು ಬೂಷ್ಟು, ಇನ್ನೊಂದು ಪಾಚಿ. ಬೂಷ್ಟು ಮನೆ ಕಟ್ಟತ್ತೆ, ಪಾಚಿ ಅಡುಗೆ ಮಾಡತ್ತೆ. ಸಂಸಾರ ಅಂದ್ಕೋ. ಈ ಸಂಸಾರನ ಬಾಟಲಿಯಲ್ಲಿ ಹೂಡಿಸೋಕೆ ಅಂತ, ನಿನ್ನ ತಂಗಿಗಿಂತ ಮುಂಚೆ ಇದ್ದೋರೆಲ್ಲ ಸಕ್ಕರೆ ನೀರು ಧಾರಾಳವಾಗಿ ಹುಯ್ದರು. ಹೊಟ್ಟೆ ತುಂಬಿದ್ದೇ ತಡ, ಗಂಡ ಒಂದು ದಾರಿ, ಹೆಂಡತಿ ಒಂದು ದಾರಿ. ನಿನ್ನ ತಂಗಿ ಏನ್ಮಾಡಿದ್ಲು ಗೊತ್ತಾ? ಉಪವಾಸ ಕೆಡವಿದ್ಲು. ಇಪ್ಪತ್ತು ದಿನ ಹಬೆ, ಹತ್ತು ದಿನ ಒಣಗು. ಹಸಿದಾಗ ಒಂದನ್ನೊಂದು ಬಿಗಿಯಾಗಿ ಹಿಡ್ಕೊಂಡ್ವು."

"ಅಂದ್ರೆ ಪ್ರತಿ ತಿಂಗಳೂ ಒಣಗಿಸ್ತಾಳೆ?"

"ಪ್ರತಿ ತಿಂಗಳೂ. ನೀರು ಬಿದ್ರೆ ಐದು ನಿಮಿಷ, ಮತ್ತೆ ಹಸಿರು."

ಸೀಟಿಯಕ್ಕನ ತಲೆಯಲ್ಲಿ ಎರಡು ದಿನದಿಂದ ಮುಳ್ಳಿನಂತೆ ಚುಚ್ಚುತ್ತಿದ್ದ ಒಂದು ಸಂಗತಿ ಈಗ ಸಲೀಸಾಗಿ ಕಿತ್ತು ಬಂತು. ಬಾಟಲಿಗಳನ್ನಿಟ್ಟಿದ್ದ ಬೀರುವಿಗೆ ಹಬೆ ಬಿಡುವ ಯಂತ್ರದ ವೈರು. ಅದನ್ನು ಯಾರೂ ಕಿತ್ತೆಸೆದಿರಲಿಲ್ಲ. ಮೂರು ಸುತ್ತು ಸುತ್ತಿ ಮೊಳೆಗೆ ನೇತುಹಾಕಿದ್ದರು. ಕೊಲ್ಲಲು ಬಂದ ಕೈ ವೈರು ಸುತ್ತಿಡುತ್ತದೆಯೇ?

ಅಜ್ಜಿ ತೊಳೆದ ಬಾಟಲಿಗಳನ್ನು ಜಾಲರಿಯಲ್ಲಿ ಜೋಡಿಸಿ ದೊಡ್ಡ ಉಗಿ ಪಾತ್ರೆಗೆ ಇಳಿಸಿದಳು. ಮುಚ್ಚಳದ ತಿರುಪು ಬಿಗಿಯುತ್ತಾ, "ಈ ಕಟ್ಟಡದಲ್ಲಿ ಆ ಬಾಟಲಿಗೆ ಏನು ಹೋಗ್ಬೇಕಾದ್ರೂ ಮೊದಲು ಇಲ್ಲಿ ಬೇಯ್ಬೇಕು," ಎಂದಳು. "ಹೊರಗಿನ ಧೂಳು ಒಂದು ಕಣ ಹೋದ್ರೂ ಮೂರನೇ ದಿನಕ್ಕೆ ಬಿಳೀ ಬೂಷ್ಟು ಹಬ್ಬಿ ಎಲ್ಲಾ ತಿಂದು ಹಾಕತ್ತೆ. ಅದಕ್ಕೇ ನಿನ್ನ ತಂಗಿ ಬಿಟ್ರೆ ಬೇರೆ ಯಾರೂ ಆ ಬಾಟಲಿಗಳ ಮುಚ್ಚಳ ತೆಗೆಯೋ ಹಾಗಿಲ್ಲ."

ಸೀಟಿಯಕ್ಕ ಎದ್ದು ನಿಂತಿದ್ದಳು. "ಅಜ್ಜೀ, ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು!"

"ಬೇಡಮ್ಮ, ಸಕ್ಕರೆ ಕಾಯಿಲೆ ಇದೆ. ಒಂದು ಮಾತು ಕೇಳಿ ಹೋಗು. ಇದನ್ನೆಲ್ಲ ನನಗೆ ಕಲಿಸಿದ್ದೇ ನಿನ್ನ ತಂಗಿ. ಮತ್ತೆ ಅವಳೇ ಯಾಕೆ ಬಾಯಿ ಬಿಡ್ಲಿಲ್ಲ?"

"ಹೆದರಿದ್ದಾಳೆ. ಅವಳು ಚಿಕ್ಕಂದಿನಿಂದ ಹಾಗೇ. ಯಾರಾದ್ರೂ ಗದರಿದ್ರೆ, ತಪ್ಪು ಮಾಡದೇ ಇದ್ರೂ ತಲೆ ತಗ್ಗಿಸ್ತಾಳೆ. ಅವಳ ಬಾಯಿ ನಾನು."

ಕಟ್ಟೆಯ ಮೇಲಿದ್ದ, ಬೇಯಿಸಿ ಆರಿಸಿದ ನೀರು ಚಿಮುಕಿಸುವ ಡಬ್ಬಿಯನ್ನು ಎತ್ತಿಕೊಂಡು ಅವಳು ಎರಡೆರಡು ಮೆಟ್ಟಿಲು ಹಾರುತ್ತಾ ಮೇಲಕ್ಕೆ ಓಡಿದಳು. ಅಜ್ಜಿ ಕೇಳಿದ್ದು ಒಳ್ಳೆಯ ಪ್ರಶ್ನೆ. ನಿಂತು ಯೋಚಿಸಬೇಕಾದ ಪ್ರಶ್ನೆ. ಆದರೆ ಕೋಪ ಬಂದಾಗ ನಿಂತು ಯೋಚಿಸುವ ಅಭ್ಯಾಸ ಸೀಟಿಯಕ್ಕನಿಗೆ ಇರಲಿಲ್ಲ.

ತಂಗಿ ಬೆಂಚಿನ ತುದಿಯಲ್ಲಿ ಕೂತಿದ್ದಳು, ಬಸ್ಸಿನಲ್ಲಿ ಬೇರೆಯವರಿಗೆ ಜಾಗ ಬಿಟ್ಟು ಕೂತವರ ಹಾಗೆ. ಮೂವತ್ತೆಂಟರ ಹೆಂಗಸು. ಉಗುರಿನ ಸಂದಿಯಲ್ಲಿ ಹೋಗದ ಹಸಿರು.

"ಪುಟ್ಟೀ, ಏಳು. ಇವತ್ತು ಅವರಿಗೆ ನೀರು ಕುಡಿಸ್ತೀನಿ."

ಡಬ್ಬಿ ನೋಡಿದ್ದೇ ತಂಗಿಯ ಮುಖ ಬಿಳಿಚಿತು. "ಅದ್ಯಾಕೆ ತಂದೆ? ಅಕ್ಕ, ಬೇಡ. ನೀನು ಮನೆಗೆ ಹೋಗು. ಕೆಲಸ ಹೋದ್ರೆ ಹೋಗ್ಲಿ."

"ಬರೀ ಕೆಲಸವೇ? ಇವತ್ತು ತಪ್ಪು ಸಾಬೀತಾದ್ರೆ ನೀನು ಇನ್ಯಾವ ಪ್ರಯೋಗಾಲಯದ ಹೊಸ್ತಿಲೂ ತುಳಿಯೋ ಹಾಗಿಲ್ಲ. ಕೆಳಗೆ ಪೊಲೀಸ್ ಜೀಪು ತಂದು ನಿಲ್ಲಿಸಿಕೊಂಡಿದ್ದಾರೆ, ನೋಡಿದ್ಯಾ? ಯಾವ ಇಂಜೆಕ್ಷನ್ನಿಗೂ ಬಗ್ಗದ ಗಾಯ ನಿನ್ನ ಕಲ್ಲುಹೂವಿನ ರಸಕ್ಕೆ ಮಾಯ್ತು ಅಂತ ಇದೇ ಜನ ಹೋದ ವರ್ಷ ಚಪ್ಪಾಳೆ ಹೊಡೆದ್ರಲ್ಲ!"

"ಅಕ್ಕ, ನನ್ನ ಮಾತು ಕೇಳು, ಒಂದೇ ಒಂದು ಸಲ..."

ಬಾಗಿಲು ತೆರೆಯಿತು. ಒಳಗಿನಿಂದ ಕರೆದರು.

ಉದ್ದನೆಯ ಮೇಜಿನ ಹಿಂದೆ ಮೂವರು. ನಡುವೆ ಎದುರಿನ ಆಸ್ಪತ್ರೆಯ ದೊಡ್ಡ ಡಾಕ್ಟರು, ಗಾಯದ ವಾರ್ಡಿನ ಮುಖ್ಯಸ್ಥೆ. ಅರವತ್ತರ ಹತ್ತಿರದ ಹೆಂಗಸು, ತಾಯಿಯಂಥ ಮುಖ. ಬಲಕ್ಕೆ ನಿರ್ದೇಶಕ, ಹೆಂಡತಿಯನ್ನು ಕಳೆದುಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ತೋಳಿನ ಗುಂಡಿ, ಎದೆಯ ಪೆನ್ನು, ತಲೆಯ ಬೈತಲೆ, ಎಲ್ಲವೂ ಗೆರೆ ಹೊಡೆದಂತೆ. ಎಡಕ್ಕೆ ಸಂಸ್ಥೆಯ ವಕೀಲರು. ಕನ್ನಡಕ ಹಣೆಗೇರಿಸಿ, ಅಂಗೈಗೆ ಗಲ್ಲ ಕೊಟ್ಟು, ಸುಖವಾಗಿ ತೂಕಡಿಸುತ್ತಿದ್ದರು.

"ಬಾಮ್ಮ, ಕೂತ್ಕೋ. ಬೆಳಗ್ಗೆಯಿಂದ ಏನಾದ್ರೂ ತಿಂದ್ಯಾ?" ದೊಡ್ಡ ಡಾಕ್ಟರು ತಂಗಿಯನ್ನು ಕೇಳಿದರು.

ಸೀಟಿಯಕ್ಕನ ಎದೆ ಸ್ವಲ್ಪ ತಣ್ಣಗಾಯಿತು. ಇಲ್ಲೊಬ್ಬರಾದರೂ ಮನುಷ್ಯರಿದ್ದಾರೆ.

"ಹೊರಗಿನವರಿಗೆ ಇಲ್ಲಿ ಪ್ರವೇಶ ಇಲ್ಲ," ಎಂದ ನಿರ್ದೇಶಕ.

"ಆರೋಪಿಯ ಜೊತೆ ಒಬ್ಬರು ಬರಬಹುದು ಅಂತ ನೀವೇ ಕಳಿಸಿದ ಕಾಗದದ ಮೂರನೇ ಪುಟದಲ್ಲಿದೆ. ನಾನು ಓದಿ ಬಂದಿದೀನಿ. ನೀವು ಓದದೇ ಸಹಿ ಹಾಕಿದ್ರೋ ಏನೋ."

ವಕೀಲರು ಕಣ್ಣು ತೆರೆಯದೆಯೇ, "ಇದೆ, ಇದೆ," ಎಂದರು.

ಮೇಜಿನ ಮೇಲೆ ತಟ್ಟೆ. ತಟ್ಟೆಯಲ್ಲಿ ಅಗಲ ಬಾಯಿಯ ಹನ್ನೆರಡು ಬಾಟಲಿಗಳು, ಮುಚ್ಚಳಕ್ಕೆ ಅರಗಿನ ಮುದ್ರೆ. ಒಂದೊಂದರ ತಳದಲ್ಲೂ ಉಗುರಗಲದ ಬೂದು ಚಕ್ಕೆ. ಹನ್ನೊಂದು ವರ್ಷದ ಬೆಳೆ ಅಷ್ಟೇ. ಏಳನೆಯದರ ಮೇಲೆ ಕೆಂಪು ಚೀಟಿ. ಗಾಯ ಮಾಯಿಸುವ ರಸಕ್ಕೆ ಬೇಕಾದ ಹಳದಿ ಪುಡಿ ಸಿಕ್ಕಿದ್ದು ಅದೊಂದರಿಂದಲೇ.

"ಸಾರ್, ಇವು ಸತ್ತಿವೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಕಣ್ಣಿಗೆ ಕಾಣಲ್ವೇನಮ್ಮ?"

"ನೀರು ಹಾಕಿ ನೋಡಿದ್ರಾ?"

"ಸತ್ತಿರೋದಕ್ಕೆ ನೀರು ಯಾಕೆ?"

"ಕೋಣೆಗೆ ಬೀಗದ ಕೈ ಎಷ್ಟು?"

"ಎರಡು. ಒಂದು ಇವಳ ಹತ್ರ, ಒಂದು ನನ್ನ ಹತ್ರ."

"ಹಾಗಾದ್ರೆ ಅನುಮಾನದಲ್ಲಿ ಅರ್ಧ ಪಾಲು ನಿಮ್ಮದೂ ಆಯ್ತು. ಪಾಲು ಬಿಟ್ಟುಕೊಟ್ಟು ಪೂರ್ತಿ ಇವಳ ತಲೆಗೆ ಯಾಕೆ ಕಟ್ಟಿದ್ರಿ?"

ನಿರ್ದೇಶಕನ ಕಿವಿ ಕೆಂಪಾಯಿತು. "ಏನು ಮಾತಾಡ್ತಿದೀರಿ? ನಾನು ಈ ಸಂಸ್ಥೆಯ..."

"ಗೊತ್ತು. ಬಾಗಿಲ ಮೇಲೆ ಬರೆದಿದೆ. ಡಾಕ್ಟ್ರಮ್ಮ, ಮುದ್ರೆ ಒಡೆದು ನೀರು ಚಿಮುಕಿಸೋಕೆ ಅಪ್ಪಣೆ ಕೊಡಿ. ಐದೇ ನಿಮಿಷ. ಹಸಿರಾಗದಿದ್ರೆ ನಾನೇ ನನ್ನ ತಂಗಿ ಕೈ ಹಿಡಿದು ಜೀಪು ಹತ್ತಿಸ್ತೀನಿ."

ತಂಗಿ ಮೇಜಿನ ಕೆಳಗೆ ಅಕ್ಕನ ಅಂಗಿ ಹಿಡಿದು ಎಳೆದಳು. ಸೀಟಿಯಕ್ಕ ಆ ಕೈಯನ್ನು ಕೊಡವಿದಳು.

ದೊಡ್ಡ ಡಾಕ್ಟರು ನಿಧಾನವಾಗಿ ನಕ್ಕರು. "ಹಾಕಿ ನೋಡಿ. ಸತ್ಯ ಗೊತ್ತಾಗೋದಾದ್ರೆ ಒಳ್ಳೆಯದೇ ಅಲ್ವಾ?"

ಒಂದು, ಎರಡು, ಮೂರು. ಅರಗು ಒಡೆಯುತ್ತಾ, ನೀರು ಚಿಮುಕಿಸುತ್ತಾ ಸೀಟಿಯಕ್ಕ ಹನ್ನೆರಡನೆಯದರವರೆಗೂ ಹೋದಳು. ಡಬ್ಬಿ ಕೆಳಗಿಟ್ಟು ಕೈ ಕಟ್ಟಿ ನಿಂತಳು.

ಮೊದಲ ನಿಮಿಷ ಏನೂ ಆಗಲಿಲ್ಲ. ನಿರ್ದೇಶಕ ಪೆನ್ನಿನಿಂದ ಮೇಜು ಕುಟ್ಟಿದ. ಎರಡನೆಯ ನಿಮಿಷ ಚಕ್ಕೆಗಳ ಅಂಚು ಮೆತ್ತಗಾಗಿ ಬಿಚ್ಚಿಕೊಂಡವು, ನಿದ್ದೆಯಿಂದೆದ್ದ ಕೂಸು ಮುಷ್ಟಿ ಬಿಚ್ಚಿದ ಹಾಗೆ. ಮೂರನೆಯ ನಿಮಿಷ ಬೂದಿಯೊಳಗಿನಿಂದ ಬಣ್ಣ ಎದ್ದು ಬಂತು. ಐದಾಗುವ ಹೊತ್ತಿಗೆ ತಟ್ಟೆಯ ತುಂಬಾ ಹಸಿರು.

ಪೆನ್ನು ಕುಟ್ಟುವುದು ನಿಂತಿತು.

"ಬಗ್ಗಿ ನೋಡಿ ಸಾರ್! ಇವಕ್ಕೆ ತಿಥಿ ಮಾಡೋಕೆ ಹೊರಟಿದ್ರಲ್ಲ? ನನ್ನ ತಂಗಿ ಇವನ್ನ ಕೊಂದಿಲ್ಲ, ಮಲಗಿಸಿದ್ಲು. ಹನ್ನೊಂದು ವರ್ಷ ಇದೇ ಕಟ್ಟಡದಲ್ಲಿ ಇದ್ದು, ನಿಮ್ಮ ಬಾಟಲಿಯೊಳಗೆ ಏನು ನಡೀತಿದೆ ಅಂತ ನಿಮಗೆ ಗೊತ್ತಿಲ್ಲ. ಕ್ಷಮೆ ಕೇಳಿ!"

"ಏಳನೆಯದು ಹಸಿರಾಗಿಲ್ಲವಲ್ಲ," ಎಂದರು ದೊಡ್ಡ ಡಾಕ್ಟರು.

ಹೌದು. ಹನ್ನೊಂದು ಹಸಿರು. ಕೆಂಪು ಚೀಟಿಯದು ಮಾತ್ರ ಬೂದಿಯಾಗಿಯೇ ಉಳಿದು, ಸುತ್ತ ಕಂದು ನೀರು ಬಿಟ್ಟಿತ್ತು.

"ಪಾಪ, ಅದೊಂದು ತಡೀಲಿಲ್ಲ ಅಂತ ಕಾಣತ್ತೆ," ಡಾಕ್ಟರ ದನಿಯಲ್ಲಿ ಮರುಕ. "ಉಳಿದವು ಬದುಕಿವೆಯಲ್ಲ, ಅಷ್ಟೇ ಸಂತೋಷ. ಇದನ್ನ ಅಜಾಗರೂಕತೆ ಅಂತ ಬರೆದು ಮುಗಿಸೋಣ. ಹುಡುಗಿಗೆ ಎಚ್ಚರಿಕೆ ಕೊಟ್ಟರೆ ಸಾಕು. ಪೊಲೀಸ್ ಏನೂ ಬೇಡ."

ತಂಗಿ ಬಿಗಿಹಿಡಿದಿದ್ದ ಉಸಿರು ಬಿಟ್ಟಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸೀಟಿಯಕ್ಕ ಅಲ್ಲಿಗೇ ಸುಮ್ಮನಿದ್ದಿದ್ದರೆ ಎಲ್ಲವೂ ಮುಗಿದುಹೋಗುತ್ತಿತ್ತು.

ಆದರೆ ಅಜಾಗರೂಕತೆ ಎಂಬ ಮಾತು ಅವಳ ಮೈಗೆ ಮೆಣಸಿನಪುಡಿ ಎರಚಿದಂತಾಯಿತು. ಹನ್ನೊಂದು ವರ್ಷದಲ್ಲಿ ಒಂದು ದಿನ ರಜೆ ಹಾಕದವಳಿಗೆ ಅಜಾಗರೂಕತೆಯೇ? ಏಳನೆಯ ಬಾಟಲಿಯನ್ನು ಕಸಿದು ಬೆಳಕಿಗೆ ಹಿಡಿದಳು. ಮೇಜಿನ ಮೇಲಿದ್ದ ಇಕ್ಕಳ ಹಾಕಿ ಚಕ್ಕೆಯನ್ನು ಮಗುಚಿದಳು. ಕೆಳಗೆ ಬಿಳಿಯ ಕಾಳುಗಳು. ಉಗುರಿನಿಂದ ಕೆರೆದಳು. ಗಾರೆ. ಗೋಡೆಯ ಗಾರೆ.

"ಇದು ಬಾಟಲಿಯಲ್ಲಿ ಹುಟ್ಟಿದ್ದೇ ಅಲ್ಲ!" ಎಂದು ಕೂಗಿದಳು. "ಯಾವುದೋ ಗೋಡೆಯಿಂದ ಕೆರೆದು ತಂದಿದ್ದು. ಕಳ್ಳತನ ಆಗಿದೆ ಡಾಕ್ಟ್ರಮ್ಮ! ಅಸಲು ಏಳನ್ನ ಯಾರೋ ಹೊತ್ತುಕೊಂಡು ಹೋಗಿ ಇದನ್ನ ತಂದಿಟ್ಟಿದ್ದಾರೆ!"

ದೊಡ್ಡ ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದರು. "ಅಂದ್ರೆ ಏಳನೆಯದು ಬದುಕಿದೆಯಾ?"

ತಂಗಿ ಕಣ್ಣು ಮುಚ್ಚಿಕೊಂಡಳು. ಸೀಟಿಯಕ್ಕ ಅದನ್ನು ನೋಡಲಿಲ್ಲ. ಅವಳ ನಾಲಿಗೆ ಇಳಿಜಾರಿನ ಗಾಡಿಯಂತೆ ಓಡುತ್ತಿತ್ತು.

"ಕಳ್ಳ ಸಾಮಾನ್ಯನಲ್ಲ. ಗೋಡೆಯದನ್ನ ಹಾಗೇ ಇಟ್ಟಿದ್ರೆ ಮೂರನೇ ದಿನಕ್ಕೆ ಬಾಟಲಿ ತುಂಬಾ ಬಿಳೀ ಬೂಷ್ಟು ಹಬ್ಬಬೇಕಿತ್ತು. ಇಲ್ಲಿ ಒಂದು ಎಳೆ ಇಲ್ಲ. ಅಂದ್ರೆ ಮೊದಲು ಉಗಿಯಲ್ಲಿ ಬೇಯಿಸಿದ್ದಾರೆ. ಅದಕ್ಕೇ ನೀರು ಹಾಕಿದ್ರೂ ಏಳಲಿಲ್ಲ. ಉಳಿದ ಹನ್ನೊಂದಕ್ಕೆ ಸೋಂಕು ತಗುಲಬಾರದು ಅಂತ ಅಷ್ಟು ಕಾಳಜಿ ಮಾಡಿದ್ದಾರೆ. ಅಷ್ಟು ತಿಳಿದೋರು, ಅಷ್ಟು ಪ್ರೀತಿ ಇರೋರು ಈ ಕಟ್ಟಡದಲ್ಲಿ..."

ಸೀಟಿಯಕ್ಕ ಇಕ್ಕಳವನ್ನು ಮೇಜಿನ ಮೇಲಿಟ್ಟಳು.

"ಒಬ್ಬರೇ ಇದ್ದಾರೆ," ನಿರ್ದೇಶಕ ವಾಕ್ಯ ಪೂರೈಸಿದ. ಮುಖದಲ್ಲಿ ಕಳೆ ಮರಳಿ ಬಂದಿತ್ತು. "ಬಹಳ ಉಪಕಾರ ಆಯ್ತು. ನಿಮ್ಮ ತಂಗಿ ಕೊಲೆಗಾತಿ ಅಲ್ಲ, ಕಳ್ಳಿ ಅಂತ ನೀವೇ ಬಿಡಿಸಿ ಹೇಳಿದ್ರಿ." ಅವನು ಫೋನು ತೆಗೆದು, "ಮೇಲೆ ಬನ್ನಿ," ಎಂದ.

ಸೀಟಿಯಕ್ಕ ತಂಗಿಯ ಕಡೆ ತಿರುಗಿದಳು. "ಪುಟ್ಟೀ?"

"ಹೌದು ಅಕ್ಕ. ನಾನೇ ತೆಗೆದಿಟ್ಟೆ. ಎಲ್ಲಾ ಸತ್ತಿವೆ ಅಂದ್ಕೊಂಡ್ರೆ ಏಳನ್ನ ಯಾರೂ ಹುಡುಕಲ್ಲ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಅದಕ್ಕೇ ನೀರು ಬೇಡ ಅಂದೆ. ನೀನು ಎಲ್ಲಿ ಕೇಳ್ತೀಯ?"

"ಎಲ್ಲಿದೆಯಮ್ಮ ಅದು?" ದೊಡ್ಡ ಡಾಕ್ಟರ ದನಿ ಎಣ್ಣೆ ಸವರಿದಂತಿತ್ತು. "ನನಗೆ ಹೇಳು. ಕಾಪಾಡೋ ಜವಾಬ್ದಾರಿ ನನ್ನದು."

ಸೀಟಿಯಕ್ಕನ ಕೋಪ ಒಮ್ಮೆಗೇ ಇಳಿಯಿತು. ಅದು ಇಳಿದಾಗಲೇ ಅವಳ ಬುದ್ಧಿ ಏರುವುದು. ಬಾಟಲಿ ಕಳುವಾಗಿದೆ ಎಂದಾಗ ಯಾರಾದರೂ ಕೇಳುವುದು, ಕದ್ದವರು ಯಾರು ಎಂದು. ಈಕೆ ಅದನ್ನು ಕೇಳಲಿಲ್ಲ. ಬದುಕಿದೆಯಾ ಎಂದು ಕೇಳಿದರು.

"ಡಾಕ್ಟ್ರಮ್ಮ, ಅದು ಬದುಕಿದ್ರೆ ನಿಮಗೇನು ಕಷ್ಟ?"

ಉತ್ತರ ಬಂದದ್ದು ಬೆಂಚಿನ ತುದಿಯಲ್ಲಿ ಜಾಗ ಬಿಟ್ಟು ಕೂರುವ ಹೆಂಗಸಿನಿಂದ. ತಂಗಿ ಎದ್ದು ನಿಂತಿದ್ದಳು. ಅವಳು ತಲೆ ತಗ್ಗಿಸದೆ ಮಾತಾಡಿದ್ದನ್ನು ಸೀಟಿಯಕ್ಕ ಹುಟ್ಟಿದ ಮೇಲೆ ನೋಡಿರಲಿಲ್ಲ.

"ಏಳನ್ನ ಸುಟ್ಟು ಹಾಕು, ಇಲ್ಲದಿದ್ರೆ ವಾರ್ಡಿನಲ್ಲಾದ ಸಾವಿನ ಲೆಕ್ಕ ನಿನ್ನ ತಲೆಗೆ ಬರತ್ತೆ ಅಂತ ನನಗೆ ಹೇಳಿದ್ದು ಇವರು, ಅಕ್ಕ. ಆ ರಸ ಗಾಯಕ್ಕೆ ಹಚ್ಚೋದು, ಕುಡಿಸೋದಲ್ಲ. ಹೊಟ್ಟೆಗೆ ಹೋದ್ರೆ ಪಿತ್ತಜನಕಾಂಗ ಕೆಡತ್ತೆ ಅಂತ ಸೀಸೆ ಮೇಲೆ ನಾನೇ ಬರೆದು ಕೊಟ್ಟಿದ್ದೆ. ಹಚ್ಚಿದ್ರೆ ಎರಡು ತಿಂಗಳು ಬರೋ ಸೀಸೆ ಇವರ ವಾರ್ಡಿನಿಂದ ನಾಲ್ಕೇ ದಿನಕ್ಕೆ ಖಾಲಿಯಾಗಿ ವಾಪಸ್ ಬಂತು. ಜೊತೆಗೆ ಅಳತೆ ಚಮಚ. ತೊಳೆದಿರಲಿಲ್ಲ."

"ಹುಡುಗಿಗೆ ತಲೆ ಕೆಟ್ಟಿದೆ," ಎಂದರು ಡಾಕ್ಟರು. "ಸಾಕ್ಷಿ ಏನಿದೆ?"

"ಏಳನೆಯದೇ ಸಾಕ್ಷಿ. ಸತ್ತವರ ರಕ್ತ ಇನ್ನೂ ಆಸ್ಪತ್ರೆಯ ಶೀತಪೆಟ್ಟಿಗೆಯಲ್ಲಿದೆ. ಅದರ ಹಳದಿಗೂ ಇದರ ಹಳದಿಗೂ ತಾಳೆ ನೋಡಬಹುದು. ಏಳು ಸತ್ತರೆ ನೋಡೋಕೆ ಆಗಲ್ಲ. ಅದಕ್ಕೇ ಸಾಯಿಸು ಅಂದ್ರಿ. ನಾನು ಸಾಯಿಸಲ್ಲ. ಎಲ್ಲಿದೆ ಅಂತ ಹೇಳೋದೂ ಇಲ್ಲ. ಕಳ್ಳಿ ಅಂತ ಬೇಕಾದ್ರೆ ಬರ್ಕೊಳ್ಳಿ, ದೊಡ್ಡ ಅಕ್ಷರದಲ್ಲಿ ಬರ್ಕೊಳ್ಳಿ!"

ಮೆಟ್ಟಿಲ ಮೇಲೆ ಬೂಟುಗಳ ಸದ್ದು ಕೇಳಿತು. ಸೀಟಿಯಕ್ಕ ನಾಲ್ಕು ಹೆಜ್ಜೆಯಲ್ಲಿ ಬಾಗಿಲು ತಲುಪಿ, ಕೆಳಗಿನ ಚಿಲಕ ಹಾಕಿ, ಬೆನ್ನು ಕೊಟ್ಟು ನಿಂತಳು.

"ತೆಗೀರಿ!" ನಿರ್ದೇಶಕ ಕಿರುಚಿದ. "ಪೊಲೀಸರನ್ನ ತಡೀತೀರಾ?"

"ಹದಿನಾಲ್ಕು ವರ್ಷ ಗಾಡಿ ತಡೆದಿದೀನಿ. ನಾಲ್ಕು ಜನ ಪೊಲೀಸರು ಏನು ಮಹಾ?"

ಬಾಗಿಲ ಮೇಲೆ ಗುದ್ದು ಬಿತ್ತು. ಹಲಗೆ ಅವಳ ಬೆನ್ನಿಗೆ ಬಡಿಯಿತು.

ವಕೀಲರು ಯಾವಾಗಲೋ ಎಚ್ಚರಗೊಂಡು ಬರೆಯುತ್ತಿದ್ದರು. ಕನ್ನಡಕ ಮೂಗಿಗೆ ಇಳಿಸಿ ತಂಗಿಯನ್ನು ನೋಡಿದರು. "ಒಂದು ಬಿಟ್ಟು ಹೋಯ್ತು. ಕುಡಿಸಿದ್ದು ಯಾರಿಗೆ?"

ತಂಗಿಯ ದನಿ ತಗ್ಗಿತು. ಅವಳು ವಕೀಲರ ಕಡೆ ನೋಡಲಿಲ್ಲ, ಡಾಕ್ಟರ ಕಡೆಯೂ ನೋಡಲಿಲ್ಲ.

"ನಿಮ್ಮ ಹೆಂಡತಿಗೆ, ಸಾರ್."

ನಿರ್ದೇಶಕನ ಕೈಯಲ್ಲಿದ್ದ ಫೋನು ಇನ್ನೂ ಮಾತಾಡುತ್ತಿತ್ತು. ಅವನು ಅದನ್ನು ನೋಡಿದ, ಆರಿಸಿದ. ನಂತರ ದೊಡ್ಡ ಡಾಕ್ಟರನ್ನು ನೋಡಿದ, ಬಹಳ ಹೊತ್ತು. ಅವರು ಮೇಜಿನ ಮೇಲಿನ ಹಸಿರನ್ನು ನೋಡುತ್ತಿದ್ದರು.

ಬಾಗಿಲಿಗೆ ಮತ್ತೊಂದು ಗುದ್ದು. ಚಿಲಕದ ತಿರುಪೊಂದು ಸಡಿಲಾಗಿ ನೆಲಕ್ಕೆ ಬಿತ್ತು.

ನಿರ್ದೇಶಕ ಎದ್ದು ನೆಟ್ಟಗೆ ಬಾಗಿಲ ಕಡೆ ಬಂದ. ಸೀಟಿಯಕ್ಕ ಮುಷ್ಟಿ ಬಿಗಿದಳು. ಮುಟ್ಟಿದರೆ ಹಲ್ಲು ಉದುರಿಸುವುದೆಂದು ಅವಳು ಆಗಲೇ ತೀರ್ಮಾನಿಸಿದ್ದಳು.

ಅವನು ಅವಳನ್ನು ಮುಟ್ಟಲಿಲ್ಲ. ಅವಳ ತಲೆಯ ಮೇಲಿಂದ ಕೈ ಚಾಚಿ, ಮೇಲಿನ ಅಗುಳಿಯನ್ನು ಎಳೆದು ಭದ್ರವಾಗಿ ಹಾಕಿದ.